ಹನುಮಂತದೇವರ ಸಂಭಾಷಣೆ

ಋಷ್ಯಮೂಕದಲ್ಲಿದ್ದ ಸುಗ್ರೀವನು ಧನುರ್ಧಾರಿಗಳಿಬ್ಬರನ್ನು ಕಂಡು, ವಾಲಿಯೇ ಕಳುಹಿಸಿದವರೆಂದು ಬೆದರಿದನು. ಅವರ ಅಭಿಪ್ರಾಯವನ್ನರಿಯಲು ಹನುಮಂತದೇವರು ಭಿಕ್ಷುವೇಷದಿಂದ ಬಂದು ವಿನಯದಿಂದ ಮಾತನಾಡಿದರು. ಕಿಷ್ಕಿಂಧಾಕಾಂಡದ ಮೂರನೆಯ ಸರ್ಗದಲ್ಲಿ ಶ್ರೀರಾಮದೇವರು ಆ ಮಾತಿನ ಗುಣಗಳನ್ನು ಲಕ್ಷ್ಮಣನಿಗೆ ವಿವರಿಸುವ ಬಗೆಯು ಮನನೀಯವಾದುದು. ಅಪಶಬ್ದವೊಂದೂ ಇಲ್ಲ, ಅತಿವಿಸ್ತರವಿಲ್ಲ, ಸಂದಿಗ್ಧತೆಯಿಲ್ಲ, ಸ್ವರವು ಮಧ್ಯಮ, ಮುಖದಲ್ಲಾಗಲಿ, ಕಣ್ಣಿನಲ್ಲಾಗಲಿ, ಹುಬ್ಬಿನಲ್ಲಾಗಲಿ ದೋಷವಿಲ್ಲ. ನಾವಾದರೋ ವ್ಯಾಕರಣಶುದ್ಧಿಯನ್ನು ಕೊಂಡಾಡಿ ಹುಬ್ಬನ್ನು ಮರೆಯುತ್ತೇವೆ! ಮನೆಯಲ್ಲಿ ಹಿರಿಯರೊಡನೆ, ಸೊಸೆಯರೊಡನೆ ಆಡುವ ಮಾತು ಕೆಡುವುದು ಬಹುಮಟ್ಟಿಗೆ ಹುಬ್ಬುಗಂಟಿನಿಂದಲೇ. ಆಡಿದ ಶಬ್ದಗಳು ಎಷ್ಟೋ ವೇಳೆ ನಿರ್ದುಷ್ಟವಾಗಿಯೇ ಇರುತ್ತವೆ. ಕೇಳುವ ಕ್ರಮವನ್ನೂ ಗಮನಿಸಬೇಕು. ಪ್ರಭುಗಳು ಪೂರ್ಣವಾಗಿ ಆಲಿಸಿದರು. ಆಮೇಲೆಯೇ, ಸ್ನೇಹಯುಕ್ತವಾಗಿ ಉತ್ತರಿಸೆಂದು ತಮ್ಮನಿಗೆ ಆಜ್ಞಾಪಿಸಿದರು. ಮುಂದೆ ಅಗ್ನಿಸಾಕ್ಷಿಯಾಗಿ ನಡೆದ ಸುಗ್ರೀವಸಖ್ಯಕ್ಕೆ ಅಪರಿಚಿತರ ಈ ಸಂಭಾಷಣೆಯೇ ಮೊದಲು.