ಊರಲ್ಲೇ ಕೆಲಸ ಸಿಕ್ಕರೆ ಕೂಲಿ ಏರುತ್ತದೆ

ಮಾನ್ವಿ ಕಡೆಯ ನಮ್ಮ ಹಳ್ಳಿಗಳಲ್ಲಿ ನಾಳೆಯ ಕೂಲಿ ಎಷ್ಟೆಂದು ತೀರ್ಮಾನವಾಗುವುದು ಇವತ್ತು ಸಂಜೆ, ದೀಪ ಹಚ್ಚುವ ಹೊತ್ತಿಗೆ. ಹೊಲದವರೋ ಅವರ ಕಡೆಯ ಆಳೋ ಓಣಿಗೆ ಬಂದು, ಮನೆ ಮನೆಯ ಮುಂದೆ ನಿಂತು ಹೆಣ್ಣಾಳುಗಳನ್ನು ಕರೆಯುತ್ತಾರೆ. ಎಷ್ಟು ಜನ ಬೇಕು, ಎಷ್ಟು ಕೊಡುತ್ತೇವೆ, ಎಷ್ಟು ಹೊತ್ತಿಗೆ ಟಂಟಂ ಬರುತ್ತದೆ ಎಂಬುದೆಲ್ಲ ಆ ಐದು ನಿಮಿಷದ ಮಾತಿನಲ್ಲಿ ಮುಗಿಯುತ್ತದೆ. ಉದ್ಯೋಗ ಖಾತ್ರಿ ಕೆಲಸದಲ್ಲಿ ಮೇಟ್ ಆಗಿ, ಈಗಿನ ಹೆಸರಿನಲ್ಲಿ ಹೇಳುವುದಾದರೆ ಕಾಯಕ ಬಂಧುವಾಗಿ, ಆಮೇಲೆ ಕೂಲಿಕಾರರ ಸಂಘದಲ್ಲಿ ಓಡಾಡಿಕೊಂಡು ಬಹಳ ವರ್ಷ ಕಳೆದಿದ್ದೇನೆ. ಊರಿಗೆ ಹೊಸ ಕೆಲಸ ಬಂದರೆ ಅದರಿಂದ ಬಡವರಿಗೆ ಏನಾಯಿತು ಎಂದು ಯಾರಾದರೂ ಕೇಳಿದಾಗ, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಎಂಬ ಲೆಕ್ಕಕ್ಕಿಂತ ಮೊದಲು ಈ ಸಂಜೆಯ ಮಾತು ಹೇಗೆ ಬದಲಾಯಿತು ಎಂದು ನೋಡಿ ಎನ್ನುತ್ತೇನೆ.

ಮೊದಲು ಇದ್ದ ಸ್ಥಿತಿ ಹೀಗೆ. ತುಂಗಭದ್ರಾ ಎಡದಂಡೆ ಕಾಲುವೆ ನಮ್ಮ ಜಿಲ್ಲೆಯಲ್ಲೇ ಹರಿದರೂ ಕೊನೆಯ ಭಾಗದ ಹಳ್ಳಿಗಳಿಗೆ ನೀರು ಮುಟ್ಟುವುದು ಅಪರೂಪ. ಮಳೆ ನಂಬಿದ ಹತ್ತಿ, ತೊಗರಿ, ಮೆಣಸಿನಕಾಯಿ. ಕಾಲುವೆ ಮೇಲ್ಭಾಗದ ಊರುಗಳಿಗೆ ಹೋಗಿ ಮಾಡುವ ನೆಲ್ಲು ನಾಟಿ. ಬೆಳೆ ಮುಗಿದರೆ ಕೆಲಸವೂ ಮುಗಿಯಿತು. ಬೇಸಿಗೆ ಬಂತೆಂದರೆ ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಮಕ್ಕಳನ್ನು ಸಾಲೆಯಿಂದ ಬಿಡಿಸಿಕೊಂಡು ಬೆಂಗಳೂರಿಗೆ ಗುಳೆ. ಊರಲ್ಲಿ ಉಳಿದವರು ಹೊಲದವರು ಹೇಳಿದ ಕೂಲಿಗೆ ಹೋಗಬೇಕಿತ್ತು. ಗಂಡಾಳಿಗೆ ಒಂದು ರೇಟು, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಇದಕ್ಕೆ ಹೊಲದವರ ಕೆಟ್ಟತನವೇ ಕಾರಣ ಎಂದು ನಾನು ಹೇಳುವುದಿಲ್ಲ. ಆ ಹೆಂಗಸಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲ. ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಅದರ ಮೇಲೆ ಹಬ್ಬಕ್ಕೋ ದವಾಖಾನೆಗೋ ಮುಂಗಡ ಈಸಿಕೊಂಡಿದ್ದರೆ ಆ ವರ್ಷದ ಕೂಲಿಯ ಮಾತು ಅಲ್ಲಿಗೇ ಮುಗಿಯಿತು.

2005ರ ಉದ್ಯೋಗ ಖಾತ್ರಿ ಕಾಯ್ದೆ 2006ರ ಫೆಬ್ರವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಜಾರಿಗೆ ಬಂತು. ಕರ್ನಾಟಕದಿಂದ ಮೊದಲ ಕಂತಿನಲ್ಲಿ ಸೇರಿದ ಐದು ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಜೊತೆಗೆ ಬೀದರ್, ಗುಲ್ಬರ್ಗ, ಚಿತ್ರದುರ್ಗ, ದಾವಣಗೆರೆ. ಶುರುವಿನ ವರ್ಷಗಳಲ್ಲಿ ಕಾಯ್ದೆ ಬಂದದ್ದು ಗುತ್ತಿಗೆದಾರರಿಗೆ ಗೊತ್ತಾಯಿತೇ ಹೊರತು ಕೂಲಿಕಾರರಿಗೆ ಗೊತ್ತಾಗಲಿಲ್ಲ. ರಾತ್ರಿ ಜೆಸಿಬಿ ಕೆಲಸ ಮಾಡುತ್ತಿತ್ತು, ಹಗಲು ಜಾಬ್ ಕಾರ್ಡ್‌ಗಳಲ್ಲಿ ಹಾಜರಿ ಬೀಳುತ್ತಿತ್ತು. ಅದು ಬದಲಾದದ್ದು ಹೆಂಗಸರು ಗುಂಪು ಕಟ್ಟಿಕೊಂಡು ಪಂಚಾಯ್ತಿಗೆ ಹೋಗಿ ಫಾರಂ ನಂಬರ್ 6 ಕೊಡಲು ಕಲಿತ ಮೇಲೆ. ಅದು ಕೆಲಸ ಕೇಳುವ ಅರ್ಜಿ. ಕೊಟ್ಟ 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದು ಕಾನೂನು. ಆದರೆ ಅರ್ಜಿ ಯಾವ ದಿನ ಕೊಟ್ಟಿರಿ ಎನ್ನುವುದಕ್ಕೆ ಸಾಕ್ಷಿ ಬೇಕಲ್ಲ. ಅರ್ಜಿ ಇಟ್ಟು ಹೋಗಿ, ಆಮೇಲೆ ನೋಡೋಣ ಎನ್ನುವುದು ಪಂಚಾಯ್ತಿಯ ಮಾಮೂಲಿ ಉತ್ತರ. ನಮ್ಮ ಹೆಂಗಸರು ರೊಟ್ಟಿ ಗಂಟು ಕಟ್ಟಿಕೊಂಡು ಬಂದು ಪಂಚಾಯ್ತಿ ಕಟ್ಟೆಯ ಮೇಲೆ ಕೂತರು. ತಾರೀಖು ಹಾಕಿ, ಸಹಿ ಮಾಡಿ, ಸೀಲು ಒತ್ತಿದ ರಸೀದಿ ಕೈಗೆ ಬರುವವರೆಗೆ ಏಳಲಿಲ್ಲ. ಓದಲು ಬಾರದ ಅವ್ವನೊಬ್ಬಳು ಆ ಚೀಟಿಯನ್ನು ಮಡಿಚಿ ಎಲೆ ಅಡಿಕೆ ಚೀಲದಲ್ಲಿಟ್ಟುಕೊಂಡು, ‘ಇದು ಹ್ವಾದ್ರ ಕೆಲಸ ಹ್ವಾದಂಗ’ ಎಂದಿದ್ದಳು. ಅವಳ ಮಾತು ಅಕ್ಷರಶಃ ಸರಿ. ಆ ಚೀಟಿ ಇಲ್ಲದಿದ್ದರೆ ಕಾಯ್ದೆ ಬರೀ ಕಾಗದ.

ಆ ಸಲ ಕೆರೆ ಹೂಳೆತ್ತುವ ಕೆಲಸ ಶುರುವಾದಾಗ ಮೆಣಸಿನಕಾಯಿ ಬಿಡಿಸುವ ಕಾಲ. ಮೆಣಸಿನಕಾಯಿ ಕೆಲಸ ಮಾಡಿದವರಿಗೆ ಗೊತ್ತು, ದಿನವಿಡೀ ಬಗ್ಗಿ ಹರಿದು ಬಂದರೆ ರಾತ್ರಿ ಅಂಗೈ ಉರಿಯುತ್ತದೆ, ಎಣ್ಣೆ ಸವರಿಕೊಂಡರೂ ನಿದ್ದೆ ಹತ್ತುವುದಿಲ್ಲ, ಆ ಕೈಯಿಂದ ಕೂಸನ್ನು ಮುಟ್ಟುವ ಹಾಗಿಲ್ಲ. ಸಂಜೆ ಎಂದಿನಂತೆ ಹೊಲದವರು ಓಣಿಗೆ ಬಂದರು. ಹೆಂಗಸರು ಜಗುಲಿಯ ಮೇಲೆ ಕೂತೇ ಉತ್ತರ ಕೊಟ್ಟರು.

‘ಕೆರಿ ಕೆಲಸ ಚಾಲೂ ಆಗೈತ್ರಿ ಸಾವ್ಕಾರ್ರ. ಅಲ್ಲಿ ಕೊಟ್ಟಷ್ಟು ಕೊಡ್ರಿ, ಬರ್ತೀವಿ.’

‘ಅದು ನಾಕು ದಿನದ ಕೆಲಸ. ಆಮ್ಯಾಲೆ ನಮ್ಮ ಹೊಲಕ್ಕ ಬರಬೇಕಲ್ಲ?’

‘ಆಮ್ಯಾಲೆ ಬರ್ತೀವಿ ಬಿಡ್ರಿ. ಈಗಂತೂ ಬರಾಂಗಿಲ್ಲ.’

ಅವರು ಏನೂ ಹೇಳದೆ ಹೋದರು. ಮರುದಿನ ಸಂಜೆ ಮತ್ತೆ ಬಂದು ಹೆಚ್ಚಿನ ಕೂಲಿ ಹೇಳಿದರು, ಹೋಗಿಬರಲು ಟಂಟಂ ಖರ್ಚು ತಮ್ಮದೇ ಎಂದರು. ನನಗೆ ಬಹಳ ಮುಖ್ಯ ಎನಿಸಿದ್ದು ಆಮೇಲಿನದು. ಅದೇ ಓಣಿಯಲ್ಲಿ ಜಾಬ್ ಕಾರ್ಡ್ ಇಲ್ಲದ, ಕೆರೆ ಕೆಲಸಕ್ಕೆ ಕಾಲಿಡದ ಹೆಂಗಸರಿದ್ದರು. ಪಕ್ಕದೂರಿಂದ ಲಗ್ನವಾಗಿ ಬಂದು ಇನ್ನೂ ಹೆಸರು ಸೇರಿಸದ ಸೊಸೆಯಂದಿರಿದ್ದರು. ಅವರೂ ಅದೇ ಹೊಸ ಕೂಲಿಗೆ ಹೊಲಕ್ಕೆ ಹೋದರು. ಒಂದೇ ಸಾಲಿನಲ್ಲಿ ಕೂತು ಕಾಯಿ ಬಿಡಿಸುವವರಿಗೆ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ರೇಟು ಕೊಡಲು ಆಗುವುದಿಲ್ಲವಲ್ಲ. ಕೆರೆಯಲ್ಲಿ ಸಲಿಕೆ ಹಿಡಿದವರು ಕೆಲವರು, ಕೂಲಿ ಹೆಚ್ಚಿದ್ದು ಇಡೀ ಓಣಿಗೆ.

ಇದು ನಮ್ಮೂರಿನ ಒಂದು ಸಂಜೆಯ ಮಾತಷ್ಟೇ ಅಲ್ಲ ಎಂದು ಆಮೇಲೆ ತಿಳಿಯಿತು. ಕ್ಲೆಮಾಂ ಅಂಬೆರ್ ಮತ್ತು ಜಾನ್ ಪ್ಯಾಪ್ ಎಂಬ ಅರ್ಥಶಾಸ್ತ್ರಜ್ಞರು ಯೋಜನೆ ಮೊದಲು ತಲುಪಿದ ಜಿಲ್ಲೆಗಳನ್ನು ತಡವಾಗಿ ತಲುಪಿದ ಜಿಲ್ಲೆಗಳ ಜೊತೆ ಹೋಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಖಾಸಗಿ ದಿನಗೂಲಿಯೂ ಏರಿದ್ದು ಕಂಡುಬಂತು. ಆಗಿನ್ನೂ ಒಂದಾಗಿದ್ದ ನೆರೆಯ ಆಂಧ್ರಪ್ರದೇಶದಲ್ಲಿ ಸ್ಮಾರ್ಟ್‌ಕಾರ್ಡ್ ಮೂಲಕ ಖಾತ್ರಿ ಕೂಲಿಯನ್ನು ಸರಿಯಾಗಿ ಪಾವತಿಸಲು ಶುರು ಮಾಡಿದಾಗ ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್, ಸಂದೀಪ್ ಸುಖತಂಕರ್ ದೊಡ್ಡ ಪ್ರಮಾಣದ ಅಧ್ಯಯನ ನಡೆಸಿದರು. ಬಡ ಕುಟುಂಬಗಳ ಆದಾಯ ಹೆಚ್ಚಿತ್ತು. ಹಾಗೆ ಹೆಚ್ಚಿದ್ದರಲ್ಲಿ ಬಹುಪಾಲು ಖಾತ್ರಿ ಕೂಲಿಯಿಂದ ಬಂದದ್ದಲ್ಲ, ಹೊರಗಿನ ಕೆಲಸದ ಗಳಿಕೆಯಿಂದ ಬಂದದ್ದು. ಸರ್ಕಾರಿ ಕೆಲಸ ಕೊಟ್ಟರೆ ಊರಿನ ಉಳಿದ ಕೆಲಸ ಕೆಡುತ್ತದೆ ಎಂಬ ವಾದವನ್ನು ನಾನು ತಾಲ್ಲೂಕು ಸಭೆಗಳಲ್ಲಿ ಸಾಕಷ್ಟು ಕೇಳಿದ್ದೇನೆ. ಆ ಅಧ್ಯಯನದಲ್ಲಿ ಖಾಸಗಿ ಕೆಲಸ ಕುಗ್ಗಿದ್ದು ಕಾಣಲಿಲ್ಲ.

ಹೆಣ್ಣಾಳಿನ ವಿಷಯ ಪ್ರತ್ಯೇಕವಾಗಿ ಹೇಳಲೇಬೇಕು. ಖಾತ್ರಿ ಕೆಲಸದಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. ಕೆಲಸ ಊರಿನ ಐದು ಕಿಲೋಮೀಟರ್ ಒಳಗೇ ಸಿಗಬೇಕು, ಅದಕ್ಕಿಂತ ದೂರವಾದರೆ ಶೇ 10ರಷ್ಟು ಹೆಚ್ಚು ಕೊಡಬೇಕು. ಹಾಲು ಕುಡಿಯುವ ಕೂಸಿರುವವಳಿಗೆ, ಹಾಸಿಗೆ ಹಿಡಿದ ಅತ್ತೆ ಇರುವವಳಿಗೆ ಬೆಂಗಳೂರಿನ ಕೆಲಸ ಎಷ್ಟು ಕೊಟ್ಟರೂ ಉಪಯೋಗಕ್ಕಿಲ್ಲ. ಅವಳ ಪಾಲಿಗೆ ಕೆಲಸ ಎಂದರೆ ಮಧ್ಯಾಹ್ನ ಮನೆಗೆ ಬಂದು ಹೋಗುವಷ್ಟು ಹತ್ತಿರದ್ದು. ಇಷ್ಟು ವರ್ಷ ಅತಿ ಕಡಿಮೆ ಕೂಲಿಗೆ ದುಡಿದವಳೂ ಅವಳೇ; ದೂರ ಹೋಗಲಾರಳು ಎಂಬುದೇ ಅವಳ ಬೆಲೆ ಇಳಿಸಿತ್ತು. ಗಂಡಾಳಿನಷ್ಟೇ ಕೂಲಿ ಒಮ್ಮೆ ಖಾತೆಗೆ ಬಂದ ಮೇಲೆ, ಹೊಲದಲ್ಲಿ ಅರ್ಧ ಕೂಲಿಗೆ ಕರೆದರೆ ಅವಳು ಯಾಕೆಂದು ಕೇಳಿದಳು. ಹೊಲಗಳಲ್ಲಿ ಪೂರ್ತಿ ಸಮಾನ ಕೂಲಿ ಇನ್ನೂ ಬಂದಿಲ್ಲ. ಅಂತರ ಕಡಿಮೆಯಾಗಿದೆ, ಅದು ಸಣ್ಣ ಮಾತಲ್ಲ.

ಆದರೆ ಈ ಬಲ ತಾನಾಗಿ ನಿಲ್ಲುವುದಿಲ್ಲ. ರಾಜ್ಯದಲ್ಲಿ ಖಾತ್ರಿ ಕೂಲಿ 2018-19ರಲ್ಲಿ ದಿನಕ್ಕೆ 249 ರೂಪಾಯಿ ಇತ್ತು, ಮುಂದಿನ ವರ್ಷವೂ 249 ರೂಪಾಯಿಯೇ. ಸಂತೆಯಲ್ಲಿ ಜೋಳ, ಬೇಳೆ, ಎಣ್ಣೆಯ ಬೆಲೆ ಏರುತ್ತ ಹೋಗಿ ಖಾತ್ರಿ ಕೂಲಿ ನಿಂತಲ್ಲೇ ನಿಂತರೆ ಓಣಿಯ ಮಾತಿನಲ್ಲಿ ಅದರ ಹೆಸರು ಹೇಳಿ ಪ್ರಯೋಜನವಿಲ್ಲ. ರಾಜ್ಯ ನಿಗದಿ ಮಾಡಿದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡಬಾರದೆಂದು ಕರ್ನಾಟಕ ಹೈಕೋರ್ಟ್ 2011ರಲ್ಲೇ ಹೇಳಿತ್ತು. 2024-25ರಲ್ಲಿ ಕೂಲಿ 349, 2025-26ರಲ್ಲಿ 370 ರೂಪಾಯಿಗೆ ಬಂದಾಗ ಹೆಂಗಸರ ದನಿ ಮತ್ತೆ ಗಟ್ಟಿಯಾಯಿತು.

ದರಕ್ಕಿಂತ ಹೆಚ್ಚು ಕಾಡುವುದು ತಡ. ಕೆಲಸ ಮುಗಿದ 15 ದಿನದೊಳಗೆ ಹಣ ಬರಬೇಕು. ಬಾರದಿದ್ದರೆ ಏನಾಗುತ್ತದೆ ಎಂದು ಮೇಟ್ ಆಗಿದ್ದವರನ್ನು ಕೇಳಬೇಕು. ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಒತ್ತಿ ‘ಬಂದಿಲ್ಲ’ ಎಂದು ತಿರುಗಿ ಬಂದ ಹೆಂಗಸು ಅಂಗಡಿಯ ಬಾಕಿ ತೀರಿಸಲು ಮತ್ತೆ ಮುಂಗಡಕ್ಕೇ ಹೋಗುತ್ತಾಳೆ. ಮುಂಗಡ ತೆಗೆದುಕೊಂಡ ಮೇಲೆ ಸಂಜೆ ಹೊತ್ತು ‘ಬರಾಂಗಿಲ್ಲ’ ಎನ್ನಲು ಅವಳಿಗೆ ಬಾಯಿಲ್ಲ. 2023ರ ಜನವರಿಯಿಂದ ದಿನಕ್ಕೆರಡು ಸಲ ಮೊಬೈಲ್‌ನಲ್ಲಿ ಫೋಟೊ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ಕೆರೆಯ ತಗ್ಗಿನಲ್ಲಿ ನೆಟ್‌ವರ್ಕ್ ಸಿಗದೆ ಏರಿ ಹತ್ತಿ ನಿಂತು ಮೊಬೈಲ್ ಮೇಲೆತ್ತಿ ಹಿಡಿದ ಕಾಯಕ ಬಂಧುಗಳನ್ನು ನಾನೇ ನೋಡಿದ್ದೇನೆ. 2024ರ ಜನವರಿಯಿಂದ ಆಧಾರ್ ಜೋಡಣೆಯ ಪಾವತಿ ಕಡ್ಡಾಯವಾಯಿತು. ಕಳ್ಳ ಹಾಜರಿ ತಡೆಯಬೇಕು, ನಿಜ. ಜೆಸಿಬಿ ದಿನಗಳನ್ನು ಕಂಡ ನಾನು ಅದನ್ನು ಬೇಡ ಎನ್ನಲಾರೆ. ಆದರೆ ಹೆಸರಿನ ಒಂದು ಅಕ್ಷರ ಹೊಂದದೆ ನಿಂತ ಹಣ ದುಡಿದವಳದು. ಅದೂ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರವೇ ಘೋಷಿಸಿದ 2023ರಂಥ ವರ್ಷದ ಬೆನ್ನಿಗೇ.

ಹೊಲದವರ ಕಷ್ಟವನ್ನೂ ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ನಮ್ಮಲ್ಲಿ ಆಳು ಕರೆಯುವವರೆಲ್ಲ ದೊಡ್ಡ ಸಾವ್ಕಾರರಲ್ಲ. ಎರಡು ಮೂರು ಎಕರೆ ಹತ್ತಿ ಹಾಕಿ, ಗೊಬ್ಬರದ ಅಂಗಡಿಯಲ್ಲಿ ಸಾಲ ಮಾಡಿ, ದರ ಬಿದ್ದರೆ ಮೈ ಹಿಂಡಿಕೊಳ್ಳುವ ರೈತರೇ ಹೆಚ್ಚು. ಅಂಥವರೊಬ್ಬರು ನನಗೆ ಕಾಕಾ ಆಗಬೇಕು; ‘ನಿಮ್ಮ ಖಾತ್ರಿಯಿಂದ ಆಳು ಸಿಗದಂಗಾತು ನೋಡವ್ವ’ ಎಂದು ಬೈದಿದ್ದರು. ಅವರ ಮನೆಯ ಹೆಂಗಸರು ಅದೇ ವಾರ ಬದು ಹಾಕುವ ಕೆಲಸದಲ್ಲಿದ್ದರು. ಅವರ ಹೊಲದ ಕೃಷಿ ಹೊಂಡ ತೋಡಿದ್ದೂ ಖಾತ್ರಿಯಲ್ಲೇ. ಒಂದೇ ಮನೆ ಒಂದು ಕಡೆ ಕೂಲಿ ಕೊಡುತ್ತದೆ, ಇನ್ನೊಂದು ಕಡೆ ಕೂಲಿ ಪಡೆಯುತ್ತದೆ. ಎರಡನ್ನೂ ಕೂಡಿ ಕಳೆದು ನೋಡಿದರೆ ಇಂಥ ಮನೆಗಳಿಗೆ ಕೂಲಿ ಏರಿಕೆಯಿಂದ ನಷ್ಟಕ್ಕಿಂತ ಲಾಭವೇ ಹೆಚ್ಚೆಂದು ನನ್ನ ತೀರ್ಮಾನ. ಹೊರೆ ಬಿದ್ದದ್ದು ಹತ್ತಾರು ಆಳು ಹಚ್ಚುವ ದೊಡ್ಡ ಹೊಲಗಳ ಮೇಲೆ. ಅವರಲ್ಲಿ ಹಲವರು ಕಳೆನಾಶಕ ಹೊಡೆಯುವ ದಾರಿ ಹಿಡಿದರು. ಅದರಿಂದ ಹೆಂಗಸರ ಕಳೆ ತೆಗೆಯುವ ದಿನಗಳು ಕಡಿಮೆಯಾದವು. ಕೂಲಿ ಏರಿಕೆಗೆ ತೆತ್ತ ಬೆಲೆಯಲ್ಲಿ ಇದೂ ಸೇರಿದೆ.

ಗುಳೆ ನಿಂತಿತೇ? ಇಲ್ಲ. ಗಟ್ಟಿ ಮೈಯ ಹುಡುಗರಿಗೆ ಬೆಂಗಳೂರಿನ ಕಟ್ಟಡ ಕೆಲಸದ ಕೂಲಿಯ ಮುಂದೆ ಊರಿನ ಕೂಲಿ ಸಾಟಿಯಲ್ಲ. ನಿಂತದ್ದು ಇಡೀ ಸಂಸಾರ ಎದ್ದು ಹೋಗುವುದು. ಗಂಡ ಹೋದರೂ ಹೆಂಡತಿ ಉಳಿದಳು, ಅವಳ ಜೊತೆ ಮಕ್ಕಳೂ ಸಾಲೆಯಲ್ಲಿ ಉಳಿದವು.

ಇತ್ತೀಚೆಗೆ ತಾಲ್ಲೂಕು ಕೇಂದ್ರದ ಹತ್ತಿರ ಒಂದು ಕಾರ್ಖಾನೆ ಬಂದು ಹುಡುಗಿಯರನ್ನು ವ್ಯಾನ್‌ನಲ್ಲಿ ಕರೆದೊಯ್ಯತೊಡಗಿತು. ಶುರುವಿನಲ್ಲಿ ಅದರಿಂದಲೂ ಹೊಲದ ಕೂಲಿ ಏರಿತು. ಬರುಬರುತ್ತ ಹುಡುಗಿಯರು ಹೊಲದ ಕೆಲಸ ಬಿಟ್ಟರು, ಜಾಬ್ ಕಾರ್ಡ್ ಮೂಲೆಗೆ ಬಿತ್ತು, ಸುತ್ತಲಿನ ಊರುಗಳಿಗೆಲ್ಲ ಆ ಒಂದೇ ಗೇಟು ಎಂಬಂತಾಯಿತು. ಆಮೇಲೆ ಓವರ್‌ಟೈಮ್ ಕೇಳಿದವರಿಗೆ ಹಳೇ ಸಾವ್ಕಾರರ ಉತ್ತರವೇ ಸಿಕ್ಕಿತು: ಬೇಕಾದರೆ ಇರಿ, ಇಲ್ಲವಾದರೆ ಬಿಡಿ. ಹೀಗಾಗಿ ಒಂದು ದೊಡ್ಡ ಕಂಪನಿ ತಂದೆವು ಎಂದು ಯಾರಾದರೂ ಹೇಳಿದಾಗ ನನಗೆ ಸಂತೋಷವೂ ಆಗುತ್ತದೆ, ಆತಂಕವೂ ಆಗುತ್ತದೆ. ಬಡ ಕೂಲಿಕಾರಳಿಗೆ ಕಡೇಪಕ್ಷ ಎರಡು ಕಡೆಯಿಂದ ಕರೆ ಬರುತ್ತಿರಬೇಕು.

ಈಗ ಆ ಎರಡನೇ ಕರೆಗೇ ಕುತ್ತು ಬಂದಿದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಉದ್ಯೋಗ ಖಾತ್ರಿಯ ಜಾಗಕ್ಕೆ ವಿಬಿ-ಜಿ ರಾಮ್ ಜಿ ಎಂಬ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ದಿನಗಳನ್ನು 100ರಿಂದ 125ಕ್ಕೆ ಏರಿಸಿದ್ದನ್ನು ಸ್ವಾಗತಿಸುತ್ತೇನೆ. ಆದರೆ ಬಿತ್ತನೆ ಮತ್ತು ಸುಗ್ಗಿಯ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನ ಕೆಲಸ ನಿಲ್ಲಿಸಬೇಕೆಂಬ ಕಲಮೂ ಅದರಲ್ಲಿದೆ. ಹೊಲದ ಕೆಲಸಕ್ಕೆ ಆಳು ಸಿಗಲಿ ಎಂಬುದು ಉದ್ದೇಶ. ಹೊಲಕ್ಕೆ ಆಳು ಬೇಕಾದ ಕಾಲವೇ ಹೆಂಗಸರು ನಾಲ್ಕು ಕಾಸು ಹೆಚ್ಚು ಕೇಳಬಲ್ಲ ಕಾಲ. ಆ ಅರವತ್ತು ದಿನ ಖಾತ್ರಿ ಕೆಲಸ ಬಾಗಿಲು ಹಾಕಿದರೆ ಮೆಣಸಿನಕಾಯಿ ಕಾಲದ ಸಂಜೆ ಓಣಿಯಲ್ಲಿ ನಡೆದ ಮಾತು ಮತ್ತೆ ನಡೆಯುವುದಿಲ್ಲ. ಇದು ನನಗೆ ಒಪ್ಪಿಗೆಯಿಲ್ಲ.

ಆ ದಿನಗಳು ಯಾವುವು ಎಂದು ಗೊತ್ತುಪಡಿಸಿ ಅಧಿಸೂಚನೆ ಹೊರಡಿಸುವುದು ರಾಜ್ಯ ಸರ್ಕಾರ. ಬೇರೆ ಬೇರೆ ಪ್ರದೇಶಗಳಿಗೆ ಬೇರೆ ಬೇರೆ ದಿನ ಗೊತ್ತುಪಡಿಸಲು ಅವಕಾಶವಿದೆ. ಕಲಮು ಇರುವಷ್ಟು ದಿನ ಆ ಪಟ್ಟಿಯನ್ನು ಬೆಂಗಳೂರಿನ ಕಚೇರಿಯಲ್ಲಿ ಕೂತು ಬರೆಯಬೇಡಿ. ಗ್ರಾಮಸಭೆ ಕರೆಯಿರಿ, ಕೂಲಿಗೆ ಹೋಗುವ ಹೆಂಗಸರನ್ನು ಮುಂದೆ ಕೂರಿಸಿ, ಅವರು ಬೇಡವೆಂದ ವಾರಗಳಲ್ಲಿ ಕೆಲಸ ನಿಲ್ಲಿಸಬೇಡಿ. ಓದುಗರಲ್ಲಿ ಪಂಚಾಯ್ತಿ ಸದಸ್ಯರಿದ್ದರೆ ಮುಂದಿನ ಸಭೆಯಲ್ಲೇ ಈ ವಿಷಯ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ತಾರೀಖು ಹಾಕಿಸಿ ಎಂದು ಕೇಳಿಕೊಳ್ಳುತ್ತೇನೆ.