ನಾಟಕಕ್ಕೆ ಯಂತ್ರದ ನೆರವು



ನಾಟಕಗಳಿಗೆ ಪ್ರೇಕ್ಷಕರು ಕಡಿಮೆಯಾದರೆಂದು ವ್ಯಸನಪಡುವವರು ಬಹು ಮಂದಿ. ಪರದೆಯ ಚಿತ್ರ, ಮುದ್ರಿತ ಧ್ವನಿ, ವಿದ್ಯುದ್ದೀಪ ಇವು ರಂಗಭೂಮಿಗೆ ವೈರಿಗಳೋ ಸೇವಕರೋ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಚಿಕ್ಕೋಡಿ, ರಾಯಬಾಗ, ಅಥಣಿಗಳ ಈ ಸೀಮೆಗೆ ನಾಟಕವು ಹೊಸದಲ್ಲ. ಕಾಗವಾಡಕ್ಕೆ ಸಮೀಪದ ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಆಡಿಸಿದರು. ಮರಾಠಿ ರಂಗಭೂಮಿಯ ಆರಂಭವೆಂದು ಎಣಿಸಲ್ಪಡುವ ಆ ಪ್ರಯೋಗಕ್ಕೆ ಕನ್ನಡನಾಡಿನಿಂದ ಬಂದ ಮೇಳದ ಆಟವೇ ಪ್ರೇರಣೆ. ಶ್ರೀಕೃಷ್ಣ ಪಾರಿಜಾತದ ಮೇಳವನ್ನು ಕಟ್ಟಿ ಹೆಸರಾದ ಕೌಜಲಗಿಯ ನಿಂಗಮ್ಮನವರನ್ನು ನಮ್ಮ ಹೆಣ್ಣುಮಕ್ಕಳು ಮರೆಯಲಾಗದು.

1934ರಲ್ಲಿ ಮೊದಲನೆಯ ಕನ್ನಡ ವಾಕ್ಚಿತ್ರವಾದ ‘ಸತೀ ಸುಲೋಚನಾ’ ಬಂದಿತು. ತರುವಾಯ ಜನರು ಕ್ರಮವಾಗಿ ಚಿತ್ರಮಂದಿರದ ಕಡೆಗೆ ತಿರುಗಿದರು. ಮುಂದೆ ದೂರದರ್ಶನವೂ ಮೊಬೈಲೂ ಅವರನ್ನು ಮನೆಯಲ್ಲಿಯೇ ಕೂಡ್ರಿಸಿದವು. ಆದರೆ ಬೆರಗುಗೊಳಿಸಿ ಜನರನ್ನು ಕರೆಯುವ ಉಪಾಯವು ರಂಗಭೂಮಿಗೂ ತಿಳಿದದ್ದೇ. ಗುಬ್ಬಿ ವೀರಣ್ಣನವರ ಕಂಪನಿಯು ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಬರ್ಲಿನಿನ ಎರ್ವಿನ್ ಪಿಸ್ಕಾಟರನು 1920ರ ದಶಕದಲ್ಲಿಯೇ ನಟರ ಹಿಂದೆ ಚಲಚ್ಚಿತ್ರವನ್ನು ಬಿಂಬಿಸಿದನು.

ಹಾಗಾದರೆ ಯಂತ್ರವನ್ನು ಎಷ್ಟರ ಮಟ್ಟಿಗೆ ಬಳಸಬೇಕು?

ಮೊದಲನೆಯದಾಗಿ, ನಟನಿಂದ ತೋರಿಸಲಾಗದುದನ್ನು ಮಾತ್ರ ಚಿತ್ರವು ತೋರಿಸಲಿ. ಕೃಷ್ಣಾ ನದಿಯ ಮಹಾಪೂರವನ್ನು ಪರದೆಯು ತೋರಿಸಬಹುದು. ಮನೆ ಕಳೆದುಕೊಂಡ ತಾಯಿಯ ದುಃಖವನ್ನು ನಟಿಯೇ ತೋರಿಸಬೇಕು.

ಎರಡನೆಯದಾಗಿ, ಸಂಭಾಷಣೆಯನ್ನು ಮೊದಲೇ ಮುದ್ರಿಸಿಕೊಳ್ಳಬಾರದು. ಜನರು ನಕ್ಕಾಗ ನಟನು ತುಸು ತಡೆದು ಮುಂದಿನ ಮಾತನ್ನಾಡುತ್ತಾನೆ. ಯಂತ್ರವು ಯಾರಿಗೂ ಕಾಯುವುದಿಲ್ಲ. ಆ ಕಾಯುವಿಕೆ ತಪ್ಪಿದರೆ ನಾಟಕಕ್ಕೂ ಸಿನೆಮಾಕ್ಕೂ ಭೇದವೇನು ಉಳಿಯಿತು?

ಮೂರನೆಯದು ನಮ್ಮ ಸೀಮೆಗೆ ಅತಿ ಮುಖ್ಯವಾದುದು. 1983ರಲ್ಲಿ ಕೆನಡಾ ದೇಶದ ಟೊರಾಂಟೊದಲ್ಲಿ ಸಂಗೀತನಾಟಕದ ಅರ್ಥವನ್ನು ರಂಗದ ಮೇಲ್ಗಡೆ ಅಕ್ಷರಗಳಲ್ಲಿ ಬಿಂಬಿಸುವ ಪದ್ಧತಿಯು ಆರಂಭವಾಗಿ, ಪರಭಾಷೆಯ ಪ್ರೇಕ್ಷಕರಿಗೆ ಬಾಗಿಲು ತೆರೆಯಿತು. ನಿಪ್ಪಾಣಿ, ಕಾಗವಾಡಗಳಲ್ಲಿ ಕನ್ನಡದವರೂ ಮರಾಠಿಯವರೂ ನೆರೆಹೊರೆಯಾಗಿ ಬಾಳುತ್ತಾರೆ. ಕನ್ನಡ ನಾಟಕದ ಮೇಲೆ ಮರಾಠಿ ಸಾಲುಗಳು, ಮರಾಠಿ ನಾಟಕದ ಮೇಲೆ ಕನ್ನಡ ಸಾಲುಗಳು ಮೂಡಿದರೆ ಪ್ರೇಕ್ಷಕವರ್ಗವು ಹಿಗ್ಗುವುದಲ್ಲದೆ ನೆರೆಯವರ ಮನಸ್ಸುಗಳೂ ಹತ್ತಿರವಾಗುವವು. ಇದಕ್ಕೆ ಒಂದು ಗಣಕಯಂತ್ರ, ಒಂದು ಪ್ರೊಜೆಕ್ಟರು, ಎರಡೂ ಭಾಷೆ ಬಲ್ಲ ಒಬ್ಬ ಜಾಣ ಹುಡುಗಿ ಇದ್ದರೆ ಸಾಕು.

ಪಾಲಕರೇ, ಯಂತ್ರವು ಕರೆಯಬಲ್ಲದು, ಬರಬೇಕಾದವರು ತಾವು. ಊರಿನಲ್ಲಿ ಆಟವಾದಾಗ ಮಕ್ಕಳನ್ನು ಜೊತೆಗೆ ಕರೆದೊಯ್ಯಿರಿ. ಮರುದಿನ ಯಾವ ಮಾತಿಗೆ ಸಭೆಯೆಲ್ಲ ನಿಶ್ಶಬ್ದವಾಯಿತೆಂದು ಅವರನ್ನು ಕೇಳಿರಿ.