ಇಂಗ್ಲಿಷ್ ಬೋಧನೆ: ಕ್ರಿಯಾವಿಶೇಷಣ, ಕೃದಂತ ಮತ್ತು ಪ್ರಿಪೊಸಿಷನ್‌ಗಳ ಕೂಡುವಿಕೆ

ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿನಿಯೊಬ್ಬಳು ಇಂಟರ್‌ಮೀಡಿಯೆಟ್‌ಗೆ ಸೇರಿದ ಹೊಸದರಲ್ಲಿ ತನ್ನ ಪರಿಚಯ ಹೇಳಿಕೊಳ್ಳುತ್ತ ‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂದಳಂತೆ. ತರಗತಿ ನಕ್ಕಿತು. ಆ ವರ್ಷವೆಲ್ಲ ತಾನು ಇಂಗ್ಲಿಷಿನಲ್ಲಿ ಮತ್ತೆ ಬಾಯಿ ತೆರೆಯಲಿಲ್ಲವೆಂದು ಮುಂದೊಮ್ಮೆ ಭೇಟಿಯಾದಾಗ ತಿಳಿಸಿದಳು. ಅವಳ ವಾಕ್ಯವನ್ನು ಬರೆದಿಟ್ಟುಕೊಂಡು ನೋಡಿದೆ. ಅದರಲ್ಲಿ ಅಜ್ಞಾನವೇನೂ ಇರಲಿಲ್ಲ. ‘ಹತ್ತು ವರ್ಷಗಳಿಂದ ಇಲ್ಲಿ ವಾಸಿಸುತ್ತಿದ್ದೇನೆ’ ಎಂಬ ನಿರ್ದುಷ್ಟವಾದ ಕನ್ನಡ ವಾಕ್ಯ ಅದರ ಒಳಗೆ ಹಾಗೆಯೇ ಕುಳಿತಿತ್ತು. ಕನ್ನಡ ವ್ಯಾಕರಣವನ್ನು ಚೆನ್ನಾಗಿ ಬಲ್ಲ ಮಗುವೇ ಇಂಥ ತಪ್ಪನ್ನು ಮಾಡುತ್ತದೆ. ಆದ್ದರಿಂದ ತಿದ್ದುವ ಕೆಲಸವೂ ಕನ್ನಡ ವ್ಯಾಕರಣದಿಂದಲೇ ಆರಂಭವಾಗಬೇಕು.

ರಾಯದುರ್ಗ, ಮಡಕಶಿರಾ ಭಾಗದ ಶಿಕ್ಷಕರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ರಾಯದುರ್ಗವು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ತಾಲ್ಲೂಕು. ಮಡಕಶಿರಾದ ಸುತ್ತ ಶಿರಾ, ಮಧುಗಿರಿ, ಪಾವಗಡಗಳಿವೆ. ಇಲ್ಲಿನ ಮಗು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತೆಲುಗನ್ನೂ ಆಡುತ್ತದೆ. ಈ ಎರಡನೆಯ ಭಾಷೆಯನ್ನು ಇಂಗ್ಲಿಷ್ ತರಗತಿಯಲ್ಲಿ ನಾವು ಬಳಸಿಕೊಳ್ಳುವುದು ಕಡಿಮೆ.

ಮೊದಲು ‘ಇಂದ’ ಪ್ರತ್ಯಯವನ್ನು ನೋಡೋಣ. ಶಾಲಾ ವ್ಯಾಕರಣದಲ್ಲಿ ತೃತೀಯಾ ವಿಭಕ್ತಿಗೆ ‘ಇಂದ’ ಎಂದೂ ಪಂಚಮಿಗೆ ‘ದೆಸೆಯಿಂದ’ ಎಂದೂ ಕಲಿಸುತ್ತೇವೆ. ಆಡುವಾಗ ‘ದೆಸೆಯಿಂದ’ ಎಂದು ಯಾರೂ ಹೇಳುವುದಿಲ್ಲ. ‘ಕತ್ತಿಯಿಂದ ಕೊಯ್ದನು’, ‘ಊರಿನಿಂದ ಬಂದನು’ ಎಂದು ಎರಡಕ್ಕೂ ಒಂದೇ ರೂಪ ಸಾಕಾಗುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ವಿತ್’, ಎರಡನೆಯದು ‘ಫ್ರಮ್’. ಮಗುವಿಗೆ ಈ ಭೇದ ಹೊಸದಲ್ಲ. ತೆಲುಗಿನಲ್ಲಿ ಅದು ‘ಕತ್ತಿತೋ’, ‘ಊರಿನುಂಡಿ’ ಎಂದು ನಿತ್ಯವೂ ಬೇರೆಬೇರೆಯಾಗಿಯೇ ಆಡುತ್ತದೆ. ‘ತೋ’ ಬಂದಲ್ಲಿ ‘ವಿತ್’, ‘ನುಂಡಿ’ ಬಂದಲ್ಲಿ ‘ಫ್ರಮ್’ ಎಂದು ಆರಂಭದಲ್ಲಿ ಹೇಳಿಕೊಟ್ಟರೆ ಹೆಚ್ಚಿನ ಸಂದರ್ಭಗಳಲ್ಲಿ ಸರಿಹೋಗುತ್ತದೆ.

ಕಾಲವನ್ನು ಹೇಳುವ ‘ಇಂದ’ ಮಾತ್ರ ಬೇರೆ. ‘ಸೋಮವಾರದಿಂದ’ ಎಂಬುದು ಕಾಲದ ಒಂದು ಬಿಂದು, ‘ಹತ್ತು ವರ್ಷಗಳಿಂದ’ ಎಂಬುದು ಒಂದು ಅವಧಿ. ಕನ್ನಡ ಎರಡನ್ನೂ ಒಂದೇ ಪ್ರತ್ಯಯದಲ್ಲಿ ಹಿಡಿಯುತ್ತದೆ. ಇಂಗ್ಲಿಷ್ ಬಿಂದುವಿಗೆ ‘ಸಿನ್ಸ್’ ಎಂದೂ ಅವಧಿಗೆ ‘ಫಾರ್’ ಎಂದೂ ಹೇಳುತ್ತದೆ. ಜೊತೆಗೆ ಕ್ರಿಯಾಪದವನ್ನೂ ‘ಹ್ಯಾವ್ ಬೀನ್ ಲಿವಿಂಗ್’ ಎಂದು ಬದಲಿಸುತ್ತದೆ. ಆ ವಿದ್ಯಾರ್ಥಿನಿಗೆ ಬೇಕಾಗಿದ್ದುದು ಇಷ್ಟೇ. ಎಲ್ಲೆಡೆಯೂ ಕನ್ನಡ ದಾರಿ ತಪ್ಪಿಸುತ್ತದೆಂದು ಭಾವಿಸಬಾರದು. ರಜೆಯ ಅರ್ಜಿಯಲ್ಲಿ ‘ಜ್ವರದಿಂದ ನರಳುತ್ತಿದ್ದೇನೆ’ ಎಂಬುದು ‘ಸಫರಿಂಗ್ ಫ್ರಮ್ ಫೀವರ್’ ಎಂದು ನೇರವಾಗಿ ಸರಿಯಾಗುತ್ತದೆ. ನಮ್ಮ ಮಕ್ಕಳು ಆ ಅರ್ಜಿಯನ್ನು ತಪ್ಪಿಲ್ಲದೆ ಬರೆಯಲು ಅಭ್ಯಾಸಬಲ ಮಾತ್ರವೇ ಕಾರಣವಲ್ಲ!

ಇನ್ನು ‘ಗೆ’ ಪ್ರತ್ಯಯ. ‘ಮನೆಗೆ ಹೋದೆನು’ ಎಂಬುದು ‘ಐ ವೆಂಟ್ ಟು ಹೋಮ್’ ಆಗುತ್ತದೆ. ‘ಇಲ್ಲಿಗೆ ಬಾ’ ಎಂಬುದು ‘ಕಮ್ ಟು ಹಿಯರ್’ ಆಗುತ್ತದೆ. ಕನ್ನಡದಲ್ಲಿ ‘ಇಲ್ಲಿ’, ‘ಅಲ್ಲಿ’, ‘ಮೇಲೆ’ ಮುಂತಾದ ಅವ್ಯಯಗಳೂ ‘ಗೆ’ ಪ್ರತ್ಯಯವನ್ನು ಹಚ್ಚಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ‘ಹಿಯರ್’, ‘ದೇರ್’ ಎಂಬ ಕ್ರಿಯಾವಿಶೇಷಣಗಳ ಒಳಗೇ ‘ಗೆ’ ಅಡಗಿದೆ. ಚಲನೆಯನ್ನು ಹೇಳುವಾಗ ‘ಹೋಮ್’ ಕೂಡ ನಾಮಪದವಾಗಿ ನಿಲ್ಲದೆ ಕ್ರಿಯಾವಿಶೇಷಣವೇ ಆಗುತ್ತದೆ. ‘ಸ್ಕೂಲ್’ ನಾಮಪದವಾದ್ದರಿಂದ ‘ಗೋ ಟು ಸ್ಕೂಲ್’.

ಈಗ ಮುಖ್ಯ ವಿಷಯಕ್ಕೆ ಬರೋಣ. ‘ಅಪ್’, ‘ಡೌನ್’, ‘ಇನ್’, ‘ಆಫ್’ ಮೊದಲಾದ ಪದಗಳು ಒಮ್ಮೆ ಪ್ರಿಪೊಸಿಷನ್ ಆಗಿ ಮುಂದಿನ ನಾಮಪದವನ್ನು ಹಿಡಿಯುತ್ತವೆ, ಇನ್ನೊಮ್ಮೆ ಕ್ರಿಯಾವಿಶೇಷಣವಾಗಿ ಹಿಂದಿನ ಕ್ರಿಯಾಪದಕ್ಕೆ ಅಂಟುತ್ತವೆ. ‘ಹಿ ರ್‍ಯಾನ್ ಅಪ್ ದ ಹಿಲ್’ ಎಂದರೆ ಅವನು ರಾಯದುರ್ಗದ ಕೋಟೆಬೆಟ್ಟವನ್ನು ಓಡುತ್ತ ಹತ್ತಿರಬಹುದು. ‘ಹಿ ರ್‍ಯಾನ್ ಅಪ್ ಎ ಬಿಲ್’ ಎಂದರೆ ಅಂಗಡಿಯಲ್ಲಿ ಸಾಲ ಬೆಳೆಸಿದ್ದಾನೆ. ಎರಡನ್ನೂ ಬೇರ್ಪಡಿಸಲು ‘ಇಟ್’ ಎಂಬ ಸರ್ವನಾಮವೇ ಒರೆಗಲ್ಲು. ‘ಲುಕ್ ಅಟ್ ಇಟ್’, ‘ಲುಕ್ ಆಫ್ಟರ್ ಇಟ್’ ಎಂಬಲ್ಲಿ ಸರ್ವನಾಮ ಕೊನೆಗೆ ಬರುತ್ತದೆ, ಅವು ಪ್ರಿಪೊಸಿಷನ್‌ಗಳು. ‘ಲುಕ್ ಇಟ್ ಅಪ್’, ‘ಟರ್ನ್ ಇಟ್ ಆಫ್’ ಎಂಬಲ್ಲಿ ಸರ್ವನಾಮ ನಡುವೆ ಸೇರುತ್ತದೆ, ಅವು ಕ್ರಿಯಾವಿಶೇಷಣಗಳು. ಉಚ್ಚಾರಣೆಯಲ್ಲಿಯೂ ‘ಆಫ್’ ಮೇಲೆ ಒತ್ತು ಬೀಳುತ್ತದೆ, ‘ಅಟ್’ ಮೇಲೆ ಬೀಳುವುದಿಲ್ಲ.

‘ಗಿವ್’ ಎಂದರೆ ಕೊಡು ಎಂದು ಕಲಿತ ಮಗುವಿಗೆ ‘ಗಿವ್ ಅಪ್’ ಎಂದರೆ ತೊರೆ, ‘ಗಿವ್ ಇನ್’ ಎಂದರೆ ಮಣಿ ಎಂದಾಗ ಗೊಂದಲವಾಗುವುದು ಸಹಜ. ಇಲ್ಲಿ ಕನ್ನಡ ಪಠ್ಯದ ತತ್ಸಮ ಪದಗಳು ನೆರವಾಗುತ್ತವೆ. ಆಹಾರ, ವಿಹಾರ, ಸಂಹಾರ, ಪರಿಹಾರ, ಪ್ರಹಾರ — ಧಾತು ಒಂದೇ, ಉಪಸರ್ಗ ಬದಲಾದಂತೆ ಅರ್ಥ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಸಂಸ್ಕೃತದಲ್ಲಿ ಧಾತುವಿನ ಮುಂಚೆ ಬರುವುದು ಇಂಗ್ಲಿಷಿನಲ್ಲಿ ಕ್ರಿಯಾಪದದ ಅನಂತರ ಬಿಡಿಯಾಗಿ ನಿಲ್ಲುತ್ತದೆ, ಅಷ್ಟೇ.

ಇದಕ್ಕಿಂತಲೂ ಹತ್ತಿರದ ಸಾದೃಶ್ಯ ಅಚ್ಚಗನ್ನಡದಲ್ಲಿಯೇ ಇದೆ. ‘ತಿನ್ನು’, ‘ತಿಂದುಬಿಡು’ ಎಂಬವುಗಳ ನಡುವಣ ವ್ಯತ್ಯಾಸ ಮಗುವಿಗೆ ಗೊತ್ತು. ತೆಲುಗಿನ ‘ತಿನೆಯ್ಯಿ’ ಎಂಬುದೂ ಅದೇ. ಪೂರ್ಣಗೊಳಿಸುವ ಆ ಭಾವವನ್ನು ಇಂಗ್ಲಿಷ್ ‘ಈಟ್ ಅಪ್’ ಎಂದು ‘ಅಪ್’ ಸೇರಿಸಿ ತೋರಿಸುತ್ತದೆ. ‘ಹಾಕಿಕೋ’ ಎಂಬುದಕ್ಕೆ ‘ಪುಟ್ ಆನ್’, ‘ಬಿಸಾಡಿಬಿಡು’ ಎಂಬುದಕ್ಕೆ ‘ಥ್ರೋ ಅವೇ’, ‘ಕುಳಿತುಕೋ’ ಎಂಬುದಕ್ಕೆ ‘ಸಿಟ್ ಡೌನ್’. ನಾವು ಬಿಡು, ಕೊಳ್ಳು, ಹೋಗು, ಹಾಕು ಎಂಬ ಸಹಾಯಕ ಕ್ರಿಯಾಪದಗಳಿಂದ ಮಾಡುವ ಕೆಲಸವನ್ನು ಅವರು ಹಲವೆಡೆ ಈ ಪುಟ್ಟ ಕ್ರಿಯಾವಿಶೇಷಣಗಳಿಂದ ಮಾಡುತ್ತಾರೆ. ಒಂದಕ್ಕೊಂದು ಸರಿಯಾಗಿ ಹೊಂದಿಕೊಳ್ಳುವ ಪಟ್ಟಿಯೇನೂ ಇದಲ್ಲ. ಆದರೆ ಇಂಥ ರಚನೆ ಅಪರಿಚಿತವಲ್ಲವೆಂದು ತಿಳಿದ ಮಗು ಅಂಜುವುದಿಲ್ಲ. ನೂರು ಜೋಡಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುವುದಕ್ಕಿಂತ ಇದು ಮೇಲೆಂದು ನನ್ನ ಅಭಿಪ್ರಾಯ.

ಕ್ರಿಯಾವಿಶೇಷಣ, ಪ್ರಿಪೊಸಿಷನ್‌ಗಳೆರಡೂ ಒಟ್ಟಿಗೆ ಬರುವುದುಂಟು. ‘ವಿ ಹ್ಯಾವ್ ರನ್ ಔಟ್ ಆಫ್ ವಾಟರ್’ ಎಂಬ ವಾಕ್ಯ ನಮ್ಮ ಬರಸೀಮೆಯಲ್ಲಿ ಯಾರಿಗೂ ವಿವರಿಸಿ ಹೇಳಬೇಕಾದುದಲ್ಲ. ಕನ್ನಡದಲ್ಲಿ ‘ನೀರು ಮುಗಿದುಹೋಯಿತು’ ಎನ್ನುತ್ತೇವೆ, ಕರ್ತೃಪದ ನೀರು. ಇಂಗ್ಲಿಷಿನಲ್ಲಿ ಕರ್ತೃಪದ ‘ನಾವು’. ಈ ಸ್ಥಾನಪಲ್ಲಟವನ್ನು ತೋರಿಸದೆ ಬರಿಯ ಅರ್ಥವನ್ನು ಕೊಟ್ಟರೆ ಮಕ್ಕಳು ‘ವಾಟರ್ ರ್‍ಯಾನ್ ಔಟ್ ಆಫ್’ ಎಂದು ಬರೆದು ಅಲ್ಲಿಗೇ ನಿಲ್ಲಿಸುತ್ತಾರೆ.

ಕೃದಂತಗಳಲ್ಲಿ ಮೂರು ತೊಡಕುಗಳು ಮತ್ತೆಮತ್ತೆ ಕಾಣುತ್ತವೆ. ‘ತಿಂದ ಮೇಲೆ’, ‘ತಿನ್ನುವ ಮೊದಲು’ ಎಂಬಲ್ಲಿ ಕನ್ನಡ ಕೃದಂತವು ಕಾಲವನ್ನು ತೋರಿಸುತ್ತದೆ. ಆದ್ದರಿಂದಲೇ ಮಕ್ಕಳು ‘ಆಫ್ಟರ್ ಏಟ್’ ಎಂದು ಬರೆಯುತ್ತಾರೆ. ‘ತಿಂದ’ ಎಂಬುದು ಭೂತಕಾಲ ತಾನೆ? ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ನಿನ ಮುಂದೆ ಕ್ರಿಯೆ ಬಂದರೆ ‘ಇಂಗ್’ ರೂಪವೊಂದೇ: ‘ಆಫ್ಟರ್ ಈಟಿಂಗ್’, ‘ಬಿಫೋರ್ ಈಟಿಂಗ್’. ‘ತಿನ್ನದೆ’ ಎಂಬ ನಮ್ಮ ನಿಷೇಧರೂಪಕ್ಕೂ ‘ವಿದೌಟ್ ಈಟಿಂಗ್’. ‘ಲುಕಿಂಗ್ ಫಾರ್ವರ್ಡ್ ಟು’ ಎಂಬುದರ ಮುಂದೆ ‘ಸೀ’ ಬರದೆ ‘ಸೀಯಿಂಗ್’ ಬರುವುದೂ ಇದೇ ಕಾರಣಕ್ಕೆ. ಆ ‘ಟು’ವಿನ ಮುಂದೆ ‘ಹಾಲಿಡೇಸ್’ ಎಂಬ ನಾಮಪದವನ್ನು ಇಟ್ಟು ನೋಡಿದರೆ ಅದು ಪ್ರಿಪೊಸಿಷನ್ ಎಂಬುದು ಸ್ಪಷ್ಟವಾಗುತ್ತದೆ.

ಎರಡನೆಯದು ಕರ್ತೃವಿನ ವಿಷಯ. ‘ಬಸ್ಸನ್ನು ಕಂಡು ಓಡಿದನು’ ಎಂಬುದು ‘ಸೀಯಿಂಗ್ ದ ಬಸ್, ಹಿ ರ್‍ಯಾನ್’ ಎಂದು ಸುಲಭವಾಗಿ ಬರುತ್ತದೆ. ಆದರೆ ‘ಮಳೆ ಬಂದು ಕೆರೆ ತುಂಬಿತು’ ಎಂಬಲ್ಲಿ ಬಂದುದು ಮಳೆ, ತುಂಬಿದುದು ಕೆರೆ. ಕನ್ನಡ ಇದನ್ನು ಒಪ್ಪುತ್ತದೆ. ಇಂಗ್ಲಿಷಿನಲ್ಲಿ ‘ಕಮಿಂಗ್’ ಎಂದು ಆರಂಭಿಸಿದರೆ ಕೆರೆಯೇ ಎದ್ದು ಬಂದಂತಾಗುತ್ತದೆ. ಅಲ್ಲಿ ‘ಅಂಡ್’ ಬಳಸಿ ಎರಡು ವಾಕ್ಯಗಳನ್ನಾಗಿಸುವುದೇ ಕ್ಷೇಮ.

ಮೂರನೆಯದು ‘ಇಂಗ್’, ‘ಎಡ್’ ರೂಪಗಳ ಅದಲುಬದಲು. ಬೇಸರ ತರುವುದು ‘ಬೋರಿಂಗ್’, ಬೇಸರಗೊಂಡುದು ‘ಬೋರ್ಡ್’. ಪಾಠದ ನಡುವೆ ಹುಡುಗನೊಬ್ಬ ಎದ್ದು ನಿಂತು ‘ಐ ಆಮ್ ಬೋರಿಂಗ್, ಸರ್’ ಎಂದರೆ ಶಿಕ್ಷಕರು ಸಮಾಧಾನಪಟ್ಟುಕೊಳ್ಳಬಹುದು, ಅವನು ದೂರುತ್ತಿರುವುದು ತನ್ನನ್ನೇ. ಇಂಥ ಕೃದಂತಗಳಿಗೆ ನಿಶ್ಚಿತವಾದ ಪ್ರಿಪೊಸಿಷನ್‌ಗಳಿವೆ. ‘ಗಣಿತದಲ್ಲಿ ಆಸಕ್ತಿ’ ಎಂಬುದು ‘ಇಂಟರೆಸ್ಟೆಡ್ ಇನ್’ ಎಂದೂ ‘ಎಲ್ಲರಿಗೂ ತಿಳಿದ’ ಎಂಬುದು ‘ನೋನ್ ಟು’ ಎಂದೂ ಕನ್ನಡದ ಜಾಡಿನಲ್ಲೇ ಸಾಗುತ್ತವೆ. ‘ಅವಳೊಂದಿಗೆ ಮದುವೆ’ ಎಂಬುದು ಮಾತ್ರ ‘ಮ್ಯಾರೀಡ್ ವಿತ್’ ಎಂದಾಗದೆ ‘ಮ್ಯಾರೀಡ್ ಟು’ ಎಂದಾಗುತ್ತದೆ. ಜಾಡು ತಪ್ಪುವ ಇಂಥವನ್ನಷ್ಟೇ ಆರಿಸಿ ಬರೆಯಿಸಿದರೆ ಪಟ್ಟಿ ಚಿಕ್ಕದಾಗುತ್ತದೆ.

‘ಹೊಸದಾಗಿ ಕಟ್ಟಿದ ಶಾಲೆ’ ಎಂಬುದು ‘ನ್ಯೂಲಿ ಬಿಲ್ಟ್ ಸ್ಕೂಲ್’. ಇಲ್ಲಿ ಪದಕ್ರಮವೂ ಒಂದೇ. ಆದರೆ ಪ್ರಿಪೊಸಿಷನ್ ಜೊತೆಗೂಡಿದೊಡನೆ ಕೃದಂತವು ನಾಮಪದದ ಹಿಂದಕ್ಕೆ ಸರಿಯುತ್ತದೆ. ಅಮರಾಪುರದ ಬಳಿಯ ಹೇಮಾವತಿಯನ್ನು ‘ಒಂದು ಕಾಲದಲ್ಲಿ ನೊಳಂಬರು ಆಳಿದ ಹೇಮಾವತಿ’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ‘ಹೇಮಾವತಿ, ವನ್ಸ್ ರೂಲ್ಡ್ ಬೈ ದ ನೊಳಂಬಾಸ್’. ‘ವನ್ಸ್’ ಕ್ರಿಯಾವಿಶೇಷಣ, ‘ರೂಲ್ಡ್’ ಕೃದಂತ, ‘ಬೈ’ ಪ್ರಿಪೊಸಿಷನ್. ಮೂರೂ ಸಾಲಾಗಿ ನಿಂತಿವೆ. ಕನ್ನಡದಲ್ಲಿ ಹೆಸರಿಗಿಂತ ಮೊದಲು ಬಂದ ಭಾರವೆಲ್ಲ ಅಲ್ಲಿ ಹೆಸರಿನ ಅನಂತರ ಬಂದಿದೆ. ‘ನೊಳಂಬರು ಆಳಿದ’ ಎಂಬ ಕರ್ತರಿ ರೂಪವು ಕರ್ಮಣಿಯಾಗಿದೆ. ಏಳನೆಯ ತರಗತಿಯ ಅನಂತರ ಮಕ್ಕಳಿಂದ ತಮ್ಮ ತಮ್ಮ ಊರಿನ ಕೆರೆ, ಗುಡಿ, ಸಂತೆಗಳ ಬಗ್ಗೆ ಇಂಥ ಒಂದೊಂದು ವಾಕ್ಯವನ್ನು ಮೊದಲು ಕನ್ನಡದಲ್ಲಿ, ಅನಂತರ ಇಂಗ್ಲಿಷಿನಲ್ಲಿ ಬರೆಯಿಸಬಹುದು.

ಪುಸ್ತಕ ತಿದ್ದುವಾಗ ತಪ್ಪಾದ ಪದಕ್ಕೆ ಕೆಂಪು ಗೀಟು ಎಳೆದು ಬಿಡದೆ, ಅದರ ಪಕ್ಕದಲ್ಲಿ ಅದನ್ನು ಹುಟ್ಟಿಸಿದ ಕನ್ನಡ ಪ್ರತ್ಯಯವನ್ನು ಬರೆಯುವ ಪದ್ಧತಿಯನ್ನು ನಾನು ಇಟ್ಟುಕೊಂಡಿದ್ದೇನೆ: ‘ಸಿನ್ಸ್’ ಪಕ್ಕದಲ್ಲಿ ‘ಇಂದ — ಬಿಂದುವೋ ಅವಧಿಯೋ?’ ಎಂದು, ‘ಟು ಹೋಮ್’ ಪಕ್ಕದಲ್ಲಿ ‘ಗೆ’ ಎಂದು. ಸಮಯ ತುಸು ಹೆಚ್ಚು ಹಿಡಿಯುತ್ತದೆ. ಮುಂದಿನ ವಾರ ಅದೇ ಮಗು ತನ್ನ ವಾಕ್ಯವನ್ನು ತಾನೇ ತಿದ್ದಿ ತಂದು ತೋರಿಸುತ್ತದೆ.